ಯಾವ ರಾಜ್ಯ, ಯಾವ ವಿಷಯ?

ಅಮೆರಿಕದ ಯಾವುದಾದರೂ ರಾಜ್ಯ ವಿಶ್ವವಿದ್ಯಾಲಯದ ಅರ್ಜಿ ತೆಗೆದು ನೋಡಿ. ನೀನು ಯಾವ ರಾಜ್ಯದವನು, ಏನು ಓದುತ್ತೀಯ ಎಂಬ ಎರಡು ಪ್ರಶ್ನೆ ಇದ್ದೇ ಇರುತ್ತವೆ. ಎರಡನೆಯದಕ್ಕೆ ‘ಇನ್ನೂ ತೀರ್ಮಾನಿಸಿಲ್ಲ’ ಎಂದು ಬರೆಯಲು ಬಹಳ ಕಡೆ ಅವಕಾಶವಿದೆ. ಹತ್ತನೇ ತರಗತಿಯ ರಿಸಲ್ಟು ಬಂದ ದಿನವೇ ‘ಸೈನ್ಸಾ, ಕಾಮರ್ಸಾ?’ ಎಂದು ಕೇಳಿಸಿಕೊಂಡ ನಮಗೆ ಇದು ಶ್ರೀಮಂತರ ಮನೆಯ ಮಾತಿನಂತೆ ಕೇಳಿಸುತ್ತದೆ. ಮೊದಲನೆಯ ಪ್ರಶ್ನೆ ಮಾತ್ರ, ಊರು ಬಿಟ್ಟು ಬಂದವರಿಗೆಲ್ಲ ಗೊತ್ತಿರುವಂಥದ್ದೇ.

ವಿಷಯ ಆರಿಸಿಕೊಳ್ಳುವ ಸ್ವಾತಂತ್ರ್ಯಕ್ಕೆ ಬಲ ಬಂದದ್ದು ಒಂದು ಖಾಸಗಿ ಸಂಸ್ಥೆಯಿಂದ. 1869ರಲ್ಲಿ ಚಾರ್ಲ್ಸ್ ಎಲಿಯಟ್ ಎಂಬ 35 ವರ್ಷದ ರಸಾಯನಶಾಸ್ತ್ರಜ್ಞ ಹಾರ್ವರ್ಡ್‌ನ ಅಧ್ಯಕ್ಷರಾದರು. ಗ್ರೀಕ್, ಲ್ಯಾಟಿನ್, ಗಣಿತ ಎಂದು ಕಡ್ಡಾಯ ವಿಷಯಗಳೇ ತುಂಬಿದ್ದ ಪಠ್ಯಕ್ರಮವನ್ನು ಅವರು ಒಂದೊಂದಾಗಿ ಸಡಿಲಿಸುತ್ತಾ ಹೋದರು. ಶತಮಾನ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲವೂ ಐಚ್ಛಿಕ. ಹುಡುಗರು ಸುಲಭದ ಕೋರ್ಸುಗಳನ್ನೇ ಹುಡುಕುತ್ತಾರೆ ಎಂಬ ದೂರೂ ಬಂತು (ಯಾವ ಕಾಲದ ಹುಡುಗರು ಹುಡುಕಿಲ್ಲ?). 1909ರಲ್ಲಿ ಬಂದ ಲಾರೆನ್ಸ್ ಲೊವೆಲ್, ಒಂದು ವಿಷಯದಲ್ಲಿ ಆಳಕ್ಕೆ ಹೋಗಿ ಉಳಿದವುಗಳ ರುಚಿಯನ್ನಷ್ಟೇ ನೋಡಿ ಎಂದು ಲಗಾಮು ಹಾಕಿದರು. ಇಂದಿನ ‘ಮೇಜರ್’ ಪದ್ಧತಿಯ ಚೌಕಟ್ಟು ಹೆಚ್ಚುಕಡಿಮೆ ಅದೇ.

ರಾಜ್ಯ ವಿಶ್ವವಿದ್ಯಾಲಯಗಳ ಕತೆ ಬೇರೆ. 1862ರ ಮೊರಿಲ್ ಕಾಯ್ದೆಯಡಿ, ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳಿಗಾಗಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಜಮೀನು ಕೊಟ್ಟಿತು. ಸಂಸತ್ತಿನ ಪ್ರತಿ ಸದಸ್ಯನ ಲೆಕ್ಕಕ್ಕೆ 30,000 ಎಕರೆ. ಆ ಜಮೀನು ಮೂಲನಿವಾಸಿಗಳಿಂದ ಹೇಗೆ ಬಂದಿತ್ತು ಎಂಬುದು ಇನ್ನೊಂದು ದೊಡ್ಡ ಕತೆ. ಕಾಲೇಜು ನಡೆಸುವ ಖರ್ಚಿನ ಬಹುಭಾಗ ರಾಜ್ಯದ ತೆರಿಗೆದಾರರ ಮೇಲೆ ಬಿತ್ತು. ಹಾಗಾಗಿ ನಮ್ಮ ಮಕ್ಕಳಿಗೆ ಕಡಿಮೆ ಫೀಸು, ಹೊರಗಿನವರಿಗೆ ಜಾಸ್ತಿ ಎಂಬ ವಾದ ಸಹಜವಾಗಿಯೇ ಹುಟ್ಟಿತು.

ಆದರೆ ಹೊರಗಿನವರು ಎಷ್ಟು ದಿನ ಹೊರಗಿನವರು? 1971ರಲ್ಲಿ ಕನೆಕ್ಟಿಕಟ್ ರಾಜ್ಯ ಇದಕ್ಕೆ ಒರಟಾದ ಉತ್ತರ ಕೊಟ್ಟಿತು: ಅರ್ಜಿ ಹಾಕುವಾಗ ಹೊರಗಿದ್ದವರು ಓದು ಮುಗಿಯುವತನಕ ಹೊರಗಿನವರೇ. ಕ್ಯಾಲಿಫೋರ್ನಿಯಾದಿಂದ ಅರ್ಜಿ ಹಾಕಿದ್ದ ಒಬ್ಬ ವಿದ್ಯಾರ್ಥಿನಿ ಕನೆಕ್ಟಿಕಟ್‌ನವರನ್ನೇ ಮದುವೆಯಾಗಿ ಅಲ್ಲಿಗೆ ಬಂದು ನೆಲೆಸಿದ್ದರು. ಡ್ರೈವಿಂಗ್ ಲೈಸೆನ್ಸು, ಕಾರಿನ ನೋಂದಣಿ, ಮತದಾರರ ಪಟ್ಟಿಯಲ್ಲಿ ಹೆಸರು, ಎಲ್ಲವೂ ಅಲ್ಲಿನದೇ. ಫೀಸು ಮಾತ್ರ ಹೊರಗಿನದು. 1973ರಲ್ಲಿ ‘ವ್ಲಾಂಡಿಸ್ ವರ್ಸಸ್ ಕ್ಲೈನ್’ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ನಿಯಮವನ್ನು ಹೊಡೆದುಹಾಕಿತು. ಹೊರಗಿನವರಿಂದ ಹೆಚ್ಚು ವಸೂಲಿ ಮಾಡುವುದು ತಪ್ಪಲ್ಲ, ನಾನು ಇಲ್ಲಿಯವಳಾದೆ ಎಂದು ಸಾಬೀತು ಮಾಡಲು ಅವಕಾಶವನ್ನೇ ಕೊಡದಿರುವುದು ತಪ್ಪು ಎಂದಿತು.

ನಮ್ಮಲ್ಲಿ ಇದೇ ಪ್ರಶ್ನೆ ಅದಕ್ಕಿಂತ 18 ವರ್ಷ ಮೊದಲೇ ಕೋರ್ಟಿಗೆ ಬಂದಿತ್ತು. ಇಂದೋರಿನ ಮಹಾತ್ಮ ಗಾಂಧಿ ಸ್ಮಾರಕ ವೈದ್ಯಕೀಯ ಕಾಲೇಜಿನಲ್ಲಿ ಮಧ್ಯಭಾರತದವರಿಗೆ ಕ್ಯಾಪಿಟೇಷನ್ ಇಲ್ಲ. ದಿಲ್ಲಿಯಿಂದ ಬಂದ ಡಿ.ಪಿ. ಜೋಶಿಯವರಿಗೆ 1,500 ರೂಪಾಯಿ. ಸಂವಿಧಾನ ನಿಷೇಧಿಸಿರುವುದು ಹುಟ್ಟಿದ ಸ್ಥಳದ ಮೇಲಿನ ಭೇದಭಾವವನ್ನು, ವಾಸಸ್ಥಳದ ಮೇಲಿನದನ್ನಲ್ಲ ಎಂದು 1955ರಲ್ಲಿ ಬಹುಮತದ ತೀರ್ಪು ಬಂತು. ಜೋಶಿ ಸೋತರು. ಹುಟ್ಟಿದ ಸ್ಥಳ ಮತ್ತು ವಾಸಸ್ಥಳದ ನಡುವಿನ ಈ ಗೆರೆ ಕಾನೂನಿನ ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಧಾರವಾಡದಲ್ಲಿ ಹುಟ್ಟಿ ಪುಣೆಯಲ್ಲಿ ಬಾಡಿಗೆ ಕಟ್ಟುವವರ ಮನೆಯಲ್ಲಿ ಅಷ್ಟು ಸ್ಪಷ್ಟವಿಲ್ಲ.

ಖಾಸಗಿ ಕಾಲೇಜುಗಳಲ್ಲಿ ಈ ಗೆರೆಗೆ ದರಪಟ್ಟಿಯೇ ಇತ್ತು. 1989ರ ಕರ್ನಾಟಕದ ಅಧಿಸೂಚನೆಯಂತೆ ವೈದ್ಯಕೀಯ ಶಿಕ್ಷಣಕ್ಕೆ ವರ್ಷಕ್ಕೆ ಸರ್ಕಾರಿ ಸೀಟಿಗೆ 2,000, ಉಳಿದ ಕನ್ನಡನಾಡಿನವರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ. ತುಮಕೂರಿನಲ್ಲಿ ಓದಲು ಬಯಸಿದ್ದ ಮೀರತ್‌ನ ಮೋಹಿನಿ ಜೈನ್ ಅದನ್ನು ಪ್ರಶ್ನಿಸಿದರು. 1992ರಲ್ಲಿ ಗೆದ್ದರು; ಮರುವರ್ಷವೇ ಇನ್ನೊಂದು ತೀರ್ಪು ಆ ಗೆಲುವಿನ ಅರ್ಧವನ್ನು ಕತ್ತರಿಸಿತು.

ಮತ್ತೆ ಅಮೆರಿಕದ ಅರ್ಜಿಗೆ ಬರೋಣ. ಹೊರಗಿನವರ ದುಡ್ಡು ಬೇಕು, ಸ್ಥಳೀಯರ ಸೀಟೂ ಹೋಗಬಾರದು ಎಂಬ ಎಳೆದಾಟ ಅಲ್ಲಿ ಇನ್ನೂ ಇದೆ. ನಾರ್ತ್ ಕ್ಯಾರೊಲೈನಾ 1986ರಲ್ಲಿ ಹೊರಗಿನವರ ಪಾಲನ್ನು 18 ಶೇಕಡಕ್ಕೆ ಕಟ್ಟಿಹಾಕಿತು. ವೀಸಾ ಮೇಲೆ ಹೋಗುವ ನಮ್ಮ ಮಕ್ಕಳು ಸಾಮಾನ್ಯವಾಗಿ ಯಾವ ರಾಜ್ಯಕ್ಕೆ ಹೋದರೂ ಹೊರಗಿನವರೇ. ಅಂಥವರು ‘ತೀರ್ಮಾನಿಸಿಲ್ಲ’ ಎಂದು ಬರೆದರೆ, ಎಲಿಯಟ್ ಕೊಡಿಸಿದ ಸಮಯವನ್ನು ಅತಿ ದುಬಾರಿ ದರದಲ್ಲಿ ಕೊಂಡಂತೆ. ವಿಷಯ ಬದಲಿಸಿ ಓದು ಐದನೇ ವರ್ಷಕ್ಕೆ ಜಾರಿದರೆ ಆ ವರ್ಷಕ್ಕೂ ಅದೇ ದರ. ಪ್ರಾಜೆಕ್ಟ್ ಮ್ಯಾನೇಜರನ ಕಣ್ಣಿಗೆ ಇದು ಶೆಡ್ಯೂಲ್ ಸ್ಲಿಪ್ಪೇ, ಆದರೂ ಹದಿನೇಳನೇ ವಯಸ್ಸಿನ ಊಹೆಗೆ ಜೀವಮಾನವಿಡೀ ಅಂಟಿಕೊಳ್ಳುವುದಕ್ಕಿಂತ ಅಗ್ಗವಿರಬಹುದು.

ತೊಂದರೆ ಇರುವುದು ಬೇರೆ ಕಡೆ. ಬರ್ಕ್ಲಿಯ ಲೆಟರ್ಸ್ ಅಂಡ್ ಸೈನ್ಸ್ ಕಾಲೇಜಿನಲ್ಲಿ ಮೊದಲು ವಿಷಯ ಹೇಳದೆ ಸೇರಿ, ಆರಂಭದ ಕೋರ್ಸುಗಳಲ್ಲಿ ನಿಗದಿತ ಅಂಕ ಪಡೆದು ಕಂಪ್ಯೂಟರ್ ಸೈನ್ಸಿಗೆ ಹೋಗಬಹುದಿತ್ತು. 2023ರಿಂದ ಅದನ್ನು ಅರ್ಜಿಯಲ್ಲೇ ಹೇಳಬೇಕು. ಆಮೇಲೆ ಮನಸ್ಸು ಬದಲಿಸಿದವರಿಗೆ ಉಳಿದಿರುವ ದಾರಿ ಬಹಳ ಕಿರಿದು. ಆದ್ದರಿಂದ ‘ತೀರ್ಮಾನಿಸಿಲ್ಲ’ ಎಂದು ಬರೆಯುವ ಮುಂಚೆ ವಿಶ್ವವಿದ್ಯಾಲಯದವರನ್ನು ಕೇಳಿಕೊಳ್ಳಿ: ಒಳಗೆ ಬಂದ ಮೇಲೆ ಯಾವ ಯಾವ ವಿಭಾಗದ ಬಾಗಿಲು ತೆರೆದಿರುತ್ತದೆ?