ತೋನ್ಸೆಪಾರಿನ ಫೋಟೋ

ನನ್ನ ಕ್ಯಾಮೆರಾ ಅಂಗಿಯ ಜೇಬಿನಲ್ಲಿ ಹಿಡಿಸುವಂಥದು, ಆದರೆ ಜೂಮ್ ಮೂವತ್ತು ಪಟ್ಟು. ಪೆಟ್ಟಿಗೆಯ ಮೇಲೆ 24ರಿಂದ 720 ಮಿಲಿಮೀಟರ್ ಎಂದಿದೆ. ಅದು ಹಳೆಯ ಫಿಲ್ಮ್ ಕ್ಯಾಮೆರಾಕ್ಕೆ ಹೋಲಿಸಿ ಹೇಳುವ ಅಂಕಿ. ಒಳಗಿನ ಸೆನ್ಸರ್ ಕಿರುಬೆರಳ ಉಗುರಿನಷ್ಟೇ ಇರುವುದರಿಂದ ಇಷ್ಟು ಪುಟ್ಟ ಮಸೂರಕ್ಕೆ ಆ ದೂರ ದಕ್ಕುತ್ತದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಮಲ್ಪೆಯಲ್ಲಿದ್ದೆ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟು ಜನ ತುಂಬಲೆಂದು ಕಾಯುತ್ತಿತ್ತು. ಹೊತ್ತು ಕಳೆಯಲು ದಂಡೆಯಿಂದಲೇ ದ್ವೀಪವನ್ನು ಎಳೆದು ನೋಡಿದೆ. ಸುಮಾರು ಆರು ಕಿಲೋಮೀಟರ್ ದೂರ. ಜೂಮ್ ಪೂರ್ತಿ ಚಾಚಿದರೆ ಅಷ್ಟು ದೂರದಲ್ಲಿ ಚೌಕಟ್ಟಿನೊಳಗೆ ಹಿಡಿಯುವುದು ಮುನ್ನೂರು ಮೀಟರ್ ಅಗಲ ಮಾತ್ರ; ದ್ವೀಪದ ಒಂದು ತುಂಡು, ಒಂದಿಷ್ಟು ತೆಂಗು. ಕಡಲ ಮೇಲಿನ ಗಾಳಿ ಬಿಸಿಲಿಗೆ ಅಲುಗುತ್ತಿದ್ದುದರಿಂದ ತೆಂಗುಗಳೂ ನೀರಲ್ಲಿ ಕದಡಿದಂತೆ ಕಂಡವು. ಅದಕ್ಕೆ ಯಾವ ಮಸೂರದಲ್ಲೂ ಮದ್ದಿಲ್ಲ.

ಆಗ ಚೌಕಟ್ಟಿನೊಳಗೆ ಒಬ್ಬ ಮುದುಕರು ಬಂದರು. ನನ್ನಿಂದ ನೂರು ಮೀಟರ್ ಆಚೆ, ಮರಳಿಗೆ ಎಳೆದ ದೋಣಿಯ ಅಂಚಿನಲ್ಲಿ ಕೂತು ಬಲೆ ಹೊಲಿಯುತ್ತಿದ್ದರು. ಕ್ಲಿಕ್ಕಿಸಿದೆ. ಅವರಿಗೆ ಗೊತ್ತಾಗಲಿಲ್ಲ. ಉದ್ದ ಜೂಮಿನ ಸುಖ ಇರುವುದೇ ಅಲ್ಲಿ ಅಂತ ಅಲ್ಲಿಯವರೆಗೆ ನಾನೂ ನಂಬಿದ್ದೆ. ಪರದೆಯಲ್ಲಿ ಅವರ ಮುಖ ದೊಡ್ಡದಾಗಿ ಮೂಡಿದಾಗ ಮಾತ್ರ ಏನನ್ನೋ ಕದ್ದಂತೆನಿಸಿತು. ಹತ್ತಿರ ಹೋಗಿ ತೋರಿಸಿದೆ.

ಅವರು ತಮ್ಮ ಮುಖ ನೋಡಲೇ ಇಲ್ಲ. ಬೆನ್ನ ಹಿಂದೆ, ದೋಣಿಗೆ ತಾಗಿಕೊಂಡಂತೆ ಬಿದ್ದಿದ್ದ ದ್ವೀಪದ ಮೇಲೆ ಬೆರಳಿಟ್ಟರು.

"ಇದು ತೋನ್ಸೆಪಾರ್ ಅಲ್ವಾ? ಇಷ್ಟು ಹತ್ತಿರ ಇಲ್ಲ ಮಾರಾಯ್ರೇ ಅದು. ಹೀಗಿದ್ದಿದ್ರೆ ಡೀಸೆಲೇ ಬೇಡ ಇತ್ತು."

"ಸೇಂಟ್ ಮೇರೀಸ್ ಅಂತಾರಲ್ಲ?" ಎಂದೆ.

"ಅದು ಬೋರ್ಡಿನಲ್ಲಿ."

ಬೋರ್ಡಿನ ಹೆಸರು ಬಂದದ್ದು 1498ರಲ್ಲಿ. ವಾಸ್ಕೋ ಡ ಗಾಮ ಭಾರತದಲ್ಲಿ ಮೊದಲು ಕಾಲಿಟ್ಟದ್ದೇ ಇಲ್ಲಿ, ಆಮೇಲೆ ಕಲ್ಲಿಕೋಟೆಗೆ ಹೋದ ಎಂದು ಇಲ್ಲಿಗೆ ಬರುವವರಲ್ಲಿ ಹಲವರು ನಂಬಿದ್ದಾರೆ. ಅವನ ಹಡಗಿನಲ್ಲಿದ್ದವನೊಬ್ಬ ಬರೆದ ದಿನಚರಿ ಬೇರೆ ಹೇಳುತ್ತದೆ. ಪೋರ್ಚುಗಲ್‌ನ ಪೋರ್ಟೋ ನಗರದ ಗ್ರಂಥಾಲಯದಲ್ಲಿ ಅದರ ಹಸ್ತಪ್ರತಿ ಇದೆ. ಬರೆದವನು ಆಲ್ವರೋ ವೆಲ್ಯೋ ಎಂಬುದು ಹೆಚ್ಚಿನವರ ಅಭಿಪ್ರಾಯ. ಅದರ ಪ್ರಕಾರ ಹಡಗುಗಳು ಇಲ್ಲಿಗೆ ಬಂದದ್ದು ಊರಿಗೆ ಮರಳುವ ದಾರಿಯಲ್ಲಿ. ಆಗಸ್ಟ್ 29ಕ್ಕೆ ಕಲ್ಲಿಕೋಟೆ ಬಿಟ್ಟವರು ಸೆಪ್ಟೆಂಬರ್ 15ಕ್ಕೆ ಈ ದ್ವೀಪಗಳ ಬಳಿ ಇದ್ದರು. ಸುಮಾರು ಇನ್ನೂರೈವತ್ತು ಕಿಲೋಮೀಟರಿಗೆ ಹದಿನೇಳು ದಿನ! ಪಶ್ಚಿಮಕ್ಕೆ ಒಯ್ಯುವ ಗಾಳಿ ಇನ್ನೂ ಶುರುವಾಗದ ಕಾಲದಲ್ಲಿ ಹೊರಟಿದ್ದರು. ಕಡಲು ಬಲ್ಲವರು ಆ ತಿಂಗಳಲ್ಲಿ ಅರಬ್ಬೀ ಸಮುದ್ರ ದಾಟಲು ಹೊರಡುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಕಾರವಾರದ ಹತ್ತಿರದ ಅಂಜದೀವ ಬಿಟ್ಟು, ಆಫ್ರಿಕಾದ ದಡ ಕಂಡಾಗ 1499ರ ಜನವರಿಯಾಗಿತ್ತು. ಬರುವಾಗ ಇಪ್ಪತ್ತಮೂರು ದಿನದಲ್ಲಿ ದಾಟಿದ ಕಡಲು ಅದು. ನಡುವೆ ಒಸಡು ಊದಿ ಕೊಳೆಯುವ ರೋಗದಿಂದ ಎಷ್ಟೋ ಜನ ಸತ್ತರು.

ಪೋರ್ಚುಗೀಸ್ ದೊರೆ ಮೂರು ಕಲ್ಲುಕಂಬಗಳನ್ನು ಕೊಟ್ಟು ಕಳಿಸಿದ್ದ. ಒಂದು ಆಫ್ರಿಕಾದ ನದೀಮುಖದಲ್ಲಿ ನೆಟ್ಟಾಗಿತ್ತು, ಇನ್ನೊಂದು ಕಲ್ಲಿಕೋಟೆಯಲ್ಲಿ ಬಿಟ್ಟಾಗಿತ್ತು. ಉಳಿದಿದ್ದದ್ದು ಸಾಂತಾ ಮರಿಯಾ. ಅದನ್ನು ಇಲ್ಲಿ ನಿಲ್ಲಿಸಿದರು. ಆ ಹೊತ್ತಿಗೆ ದಡದಿಂದ ದೋಣಿಗಳಲ್ಲಿ ಜನ ಮೀನು ತಂದರಂತೆ. ಗಾಮ ಅವರಿಗೆ ಅಂಗಿಗಳನ್ನು ಕೊಟ್ಟು, ಇಲ್ಲಿ ಕಂಬ ನೆಟ್ಟರೆ ನಿಮಗೆ ಸಂತೋಷವೇ ಎಂದು ಕೇಳಿದನಂತೆ. ಬಹಳ ಸಂತೋಷ, ನೀವೂ ನಮ್ಮ ಹಾಗೆ ಕ್ರೈಸ್ತರೆಂದು ಇದರಿಂದ ಖಾತ್ರಿಯಾಗುತ್ತದೆ ಎಂದು ಅವರು ಹೇಳಿದರು ಎನ್ನುತ್ತದೆ ದಿನಚರಿ.

ಈ ಭಾಗವನ್ನು ನಾನು ಎಷ್ಟು ಸಲ ಓದಿದ್ದೇನೋ. ಕಲ್ಲಿಕೋಟೆಯ ದೇವಸ್ಥಾನವನ್ನೇ ಚರ್ಚೆಂದು ತಿಳಿದು ಕೈಮುಗಿದು ಬಂದ ಗುಂಪು ಇದು. ಅವರ ಕಿವಿಗೆ ತುಳುನಾಡಿನ ಮೀನುಗಾರರ ಮಾತು ಹಾಗೆ ಕೇಳಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಮೀನು ತಂದವರು ಅಂಗಿ ಸಿಕ್ಕಿದ್ದಕ್ಕೆ ತಲೆಯಾಡಿಸಿರಬೇಕು ಅಷ್ಟೇ ಎಂಬುದು ನನ್ನ ಅನುಮಾನ. ಬರೆದವನು ಸುಳ್ಳುಗಾರನಲ್ಲ; ಬಹಳ ಕಡೆ ಅವನ ಕಣ್ಣು ಚುರುಕು. ಆದರೆ ದೂರದಲ್ಲಿ ನಿಂತು ಎಳೆದುಕೊಂಡ ಚಿತ್ರದಲ್ಲಿ ಹಿಂದಿನದು ಮುಂದಿನದಕ್ಕೆ ಅಂಟಿಕೊಳ್ಳುತ್ತದಲ್ಲ, ಹಾಗೆ ಇಲ್ಲಿ ಲಿಸ್ಬನ್ ಬಂದು ಮಲ್ಪೆಯ ದೋಣಿಗೆ ತಾಗಿದೆ. ಆ ಜನರ ಹೆಸರಿಲ್ಲ. ಅವರು ಈ ಬಂಡೆಗಳನ್ನು ಏನೆಂದು ಕರೆಯುತ್ತಿದ್ದರು ಎಂಬುದೂ ಇಲ್ಲ.

ಬೋಟು ಹೊರಟಿತು. ದ್ವೀಪದಲ್ಲಿ ಗಾಮನ ಕಂಬ ಇಲ್ಲ. ಇರುವುದು ಬೇರೆ ಕಂಬಗಳು: ಲಾವಾ ತಣಿಯುವಾಗ ಬಿರಿದು ನಿಂತ, ಹಲವು ಮುಖಗಳ ಕಲ್ಲುಗಳು, ಯಾರೋ ಕಡೆದು ಜೋಡಿಸಿಟ್ಟ ಹಾಗೆ. ಭಾರತದ ನೆಲಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದವು, ಸುಮಾರು 8.8 ಕೋಟಿ ವರ್ಷದ ಹಿಂದಿನವು ಎನ್ನುತ್ತಾರೆ ಭೂವಿಜ್ಞಾನಿಗಳು. ಇವುಗಳ ಪಕ್ಕ ನಿಂತು ಸೆಲ್ಫಿ ತೆಗೆಯುವವರ ಸಾಲಿನಲ್ಲಿ ನಾನೂ ನಿಂತೆ, ನಾಚಿಕೆಯಿಲ್ಲ.

ಮರಳುವ ಮುಂಚೆ ಕ್ಯಾಮೆರಾವನ್ನು ದಡದ ಕಡೆ ತಿರುಗಿಸಿದೆ. ಗಾಮನ ಜನ ಕಂಡದ್ದು ಈ ಕಡೆಯಿಂದಲೇ. ಮತ್ತೆ ಅದೇ ಮುನ್ನೂರು ಮೀಟರ್. ತೆಂಗಿನ ಸಾಲು, ಮರಳಿನ ಬಿಳಿ ಗೆರೆ, ಅದರ ಮೇಲೆ ಕಪ್ಪು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದು ದೋಣಿ. ಬೆಳಗಿನ ದೋಣಿ ಯಾವುದೆಂದು ಹುಡುಕಿದೆ, ಗುರುತು ಸಿಗಲಿಲ್ಲ.

ಮಧ್ಯಾಹ್ನ ದಂಡೆಗೆ ಬಂದಾಗ ಮುದುಕರು ಅಲ್ಲೇ ಇದ್ದರು, ಬಲೆ ಮುಗಿದಿರಲಿಲ್ಲ. ಬೆಳಗಿನ ಚಿತ್ರದ ಪ್ರಿಂಟು ಕಳಿಸಲೇ ಎಂದು ಕೇಳಿದೆ.

"ಅದು ಬೇಡ," ಎಂದರು. "ದೋಣಿಯ ಹೆಸರು ಕಾಣುವ ಹಾಗೆ ಒಂದು ತೆಗೀರಿ. ಮಗಳ ಹೆಸರು ಅದು."

ಹೆಸರು ದೋಣಿಯ ಮೂತಿಯ ಆಚೆ ಮಗ್ಗುಲಲ್ಲಿತ್ತು, ಹಳದಿ ಬಣ್ಣದಲ್ಲಿ. ಜೂಮನ್ನು ಪೂರ್ತಿ ಒಳಗೆಳೆದುಕೊಂಡು, ಚಪ್ಪಲಿ ಕಳಚಿ, ಮೊಣಕಾಲವರೆಗೆ ನೀರಿಗಿಳಿದು ನಿಂತೆ. ಅವರು ಬಲೆ ಬದಿಗಿಟ್ಟು, ಅಂಗಿಯ ಗುಂಡಿ ಹಾಕಿಕೊಂಡು, ಹೆಸರು ಮುಚ್ಚದ ಹಾಗೆ ಪಕ್ಕಕ್ಕೆ ಸರಿದು ನಿಂತರು.