ಕೊಯ್ನಾ ಭೂಕಂಪವೂ ರಾಮದುರ್ಗದ ಜಾತ್ರೆಯ ದಾರಿಯೂ

ಶಾಲಿವಾಹನ ಶಕ 1889ನೆಯ ಪ್ಲವಂಗ ಸಂವತ್ಸರದ ಮಾರ್ಗಶಿರ ಶುಕ್ಲ ದಶಮಿಯಂದು, ಎಂದರೆ 1967ನೆಯ ಇಸವಿ ಡಿಸೆಂಬರ್ 11ರಂದು, ಬೆಳಗಿನ ಜಾವ 4 ಗಂಟೆ 21 ನಿಮಿಷಕ್ಕೆ ಸಹ್ಯಾದ್ರಿಯ ಕೊಯ್ನಾ ನಗರದ ಬಳಿ ಭೂಮಿಯು ನಡುಗಿತು. ಆಂಗ್ಲರ ಗಣನೆಯಲ್ಲಿ ಅದು ಸೋಮವಾರ. ಸೂರ್ಯೋದಯದಿಂದ ದಿನವನ್ನೆಣಿಸುವ ಪಂಚಾಂಗದ ರೀತಿಯಲ್ಲಿ ಇನ್ನೂ ರವಿವಾರದ ರಾತ್ರಿಯೇ. ಚಂದ್ರನು ಅಸ್ತನಾಗಿ ಬಹಳ ಹೊತ್ತಾಗಿದ್ದುದರಿಂದ ಕತ್ತಲೆಯು ಗಾಢವಾಗಿತ್ತು. ಸುಮಾರು 180 ಜನರು ಮಡಿದರು. ಕೊಯ್ನಾ ನಗರದ ಮನೆಗಳಲ್ಲಿ ಬಹುಭಾಗವು ನೆಲಸಮವಾಯಿತು. 103 ಮೀಟರು ಎತ್ತರದ ಅಣೆಕಟ್ಟಿನ ಮೈಯಲ್ಲಿ ಅಡ್ಡಬಿರುಕುಗಳು ಕಾಣಿಸಿಕೊಂಡವು. ಕಂಪನದ ಪ್ರಮಾಣವನ್ನು 6.3 ಎಂದು ಗಣಿಸಿರುವರು. ಮುಂಬಯಿಯಿಂದ ಗೋವೆಯವರೆಗೂ, ಇತ್ತ ಬೆಳಗಾವಿ ಧಾರವಾಡಗಳ ಸೀಮೆಯಲ್ಲಿಯೂ ಜನರು ಅದನ್ನು ಅನುಭವಿಸಿದರು.

ರಾಮದುರ್ಗವು ಕೊಯ್ನೆಯಿಂದ ನೇರವಾಗಿ ಅಳೆದರೆ ಸುಮಾರು 230 ಕಿಲೋಮೀಟರು ದೂರದಲ್ಲಿ, ಮಲಪ್ರಭೆಯ ದಡದಲ್ಲಿದೆ. ಈ ಕಂಪನದ ಇತಿಹಾಸದಲ್ಲಿ ರಾಮದುರ್ಗದ ಹೆಸರನ್ನು ಎತ್ತುವುದಕ್ಕೆ ಕಾರಣವು ಆ ಕಾಲವಿಶೇಷವೇ. ಮಾರ್ಗಶಿರದ ಹುಣ್ಣಿಮೆಯನ್ನು ಈ ಭಾಗದವರು ಹೊಸ್ತಿಲ ಹುಣ್ಣಿಮೆಯೆನ್ನುವರು. ರಾಮದುರ್ಗ ತಾಲೂಕಿನ ಗೊಡಚಿಯ ವೀರಭದ್ರನ ಜಾತ್ರೆಯು ಆಗಲೇ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ ಆಗ ಜನಸಂದಣಿ ಹೆಚ್ಚು. ಎಲ್ಲಮ್ಮನ ಭಕ್ತರಲ್ಲಿ ಕೊಲ್ಲಾಪುರ, ಸಾಂಗಲಿ, ಸಾತಾರೆಗಳ ಕಡೆಯವರು ಎಷ್ಟೋ ಮಂದಿಯೆಂಬುದು ಎಲ್ಲರೂ ಬಲ್ಲ ಮಾತು. ಆ ವರ್ಷದ ಹುಣ್ಣಿಮೆಯು ಡಿಸೆಂಬರ್ 16ರಂದು ಬಿದ್ದಿತು. ಆದಕಾರಣ ಭೂಮಿ ನಡುಗಿದ ಆ ಜಾವವು ಜಾತ್ರೆಯ ದಾರಿ ತೆರೆಯುವ ವಾರದೊಳಗೇ ಸೇರಿದುದು.

ಭೂಕಂಪಗಳ ಪಟ್ಟಿಗಳು ಊರುಗಳನ್ನು ಬರೆಯುವುವು, ದಾರಿಯಲ್ಲಿದ್ದವರನ್ನು ಬರೆಯವು. ಆದರೆ ದಾರಿಗನ ಸ್ಥಿತಿಯು ಮನೆಯಲ್ಲಿದ್ದವನ ಸ್ಥಿತಿಗಿಂತ ಬೇರೆಯಾದುದು. ಈ ಸೀಮೆಯ ಹಳೆಯ ಮನೆಯ ರಚನೆಯನ್ನು ನೋಡಬೇಕು: ಮಣ್ಣಿನ ಕೆಸರಿನಲ್ಲಿ ಕೂಡಿಸಿದ ಕಲ್ಲಿನ ದಪ್ಪ ಗೋಡೆ, ಅದರ ಮೇಲೆ ತೊಲೆ ಜಂತೆಗಳು, ಅವುಗಳ ಮೇಲೆ ಮೊಳದುದ್ದ ಮಣ್ಣು ಹೇರಿದ ಮಾಳಿಗೆ. ಬೇಸಗೆಯಲ್ಲಿ ಅದು ತಂಪು, ಚಳಿಯಲ್ಲಿ ಬೆಚ್ಚಗೆ. ನೆಲವು ಅಲ್ಲಾಡಿದರೆ ಮಾತ್ರ ಅದೇ ಗೋರಿ. 1993ನೆಯ ಸೆಪ್ಟೆಂಬರ್ 30ರಂದು, ಗಣಪತಿಯನ್ನು ನೀರಿಗೆ ಬಿಟ್ಟು ಜನರು ಮಲಗಿದ್ದ ರಾತ್ರಿ, 3 ಗಂಟೆ 56 ನಿಮಿಷಕ್ಕೆ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಲೂ ಏಳು ಸಾವಿರಕ್ಕೂ ಹೆಚ್ಚು ಮಂದಿ ಸತ್ತುದು ಇಂಥ ಮಾಳಿಗೆಗಳ ಕೆಳಗೆಯೇ. ಜಾತ್ರೆಗೆ ಹೊರಟು ಬಂಡಿಯ ಕೆಳಗೋ ಮರದ ಬುಡದಲ್ಲಿಯೋ ಮಲಗಿದವನ ತಲೆಯ ಮೇಲೆ ಬೀಳುವುದಕ್ಕೆ ಏನೂ ಇಲ್ಲ. ಎತ್ತುಗಳು ಬೆದರಬಹುದು, ಕೊರಳ ಗೆಜ್ಜೆ ತಾನಾಗಿ ನುಡಿಯಬಹುದು, ಅಷ್ಟೆ. ಅವನ ಭಯವೆಲ್ಲ ಹಿಂದೆ ಬಿಟ್ಟುಬಂದ ಮನೆಯದು. ಸಾತಾರೆಯ ಕಡೆಯಿಂದ ಬಂದವನಿಗಂತೂ ತಂತಿಯೋ ಆಕಾಶವಾಣಿಯೋ ವೃತ್ತಪತ್ರಿಕೆಯೋ ಹೇಳುವ ತನಕ ತನ್ನ ಹೊಸ್ತಿಲು ಉಳಿಯಿತೇ ಇಲ್ಲವೇ ಎಂಬುದು ತಿಳಿಯುವಂತಿರಲಿಲ್ಲ.

ದಖ್ಖಣದ ನೆಲವು ಅಚಲವೆಂಬ ನಂಬಿಕೆಯು ಆ ವರೆಗೆ ವಿದ್ವಾಂಸರಲ್ಲಿಯೂ ಬಲವಾಗಿದ್ದಿತು. 1883ರಲ್ಲಿ ಪ್ರಕಟವಾದ ಓಲ್ಡ್‌ಹ್ಯಾಮನ ಭೂಕಂಪಪಟ್ಟಿಯಲ್ಲಿ 1843ನೆಯ ಏಪ್ರಿಲ್ 1ರ ಬಳ್ಳಾರಿಯ ಕಂಪನವು ದಾಖಲಾಗಿದ್ದರೂ ಅದನ್ನು ಯಾರೂ ಮನಸ್ಸಿಗೆ ತಂದುಕೊಂಡಂತೆ ತೋರದು. ಕೊಯ್ನೆಯಲ್ಲಾದರೋ, 1962ರ ಸುಮಾರಿಗೆ ಜಲಾಶಯವು ತುಂಬಲಾರಂಭಿಸಿದ ಮೇಲೆ ಸಣ್ಣ ನಡುಕಗಳು ಕಾಣಿಸಿಕೊಂಡು, 1967ರ ಸೆಪ್ಟೆಂಬರ್ 13ರಂದು ಪ್ರಬಲವಾದುದೊಂದು ಮುಂಚಿತವಾಗಿಯೇ ಬಂದಿದ್ದಿತು. ಬಂಡೆಯ ಬಿರುಕುಗಳೊಳಕ್ಕೆ ನೀರಿನ ಒತ್ತಡವು ಇಳಿದು, ಮೊದಲೇ ಬಿಗಿದುಕೊಂಡಿದ್ದ ಸ್ತರಭಂಗವು ಜಾರಿತೆಂಬುದು ಭೂವಿಜ್ಞಾನಿಗಳಲ್ಲಿ ಬಹುಮತದ ಅಭಿಪ್ರಾಯ.

ಇಲ್ಲಿ ಸಂಸ್ಕೃತಜ್ಞರಿಗೆ ಒಂದು ಪ್ರಲೋಭನೆಯು ಒದಗುತ್ತದೆ. ವರಾಹಮಿಹಿರನು ಬೃಹತ್ಸಂಹಿತೆಯ ಭೂಕಂಪಲಕ್ಷಣಾಧ್ಯಾಯದಲ್ಲಿ ಪೂರ್ವಾಚಾರ್ಯರ ಮತಗಳನ್ನು ಸಂಗ್ರಹಿಸಿರುವನು: ಮಹಾಜಲದೊಳಗೆ ವಾಸಿಸುವ ಪ್ರಾಣಿಯಿಂದ ಕಂಪವೆಂದು ಕೆಲವರು, ಭಾರದಿಂದ ಬಳಲಿದ ದಿಗ್ಗಜಗಳ ವಿಶ್ರಾಂತಿಯಿಂದೆಂದು ಕೆಲವರು, ಗಾಳಿಗೆ ಗಾಳಿ ತಗುಲಿ ನೆಲಕ್ಕೆ ಬೀಳುವುದರಿಂದೆಂದು ಇನ್ನು ಕೆಲವರು, ಅದೃಷ್ಟದಿಂದೆಂದು ಮತ್ತೆ ಕೆಲವರು. ಬಳಿಕ ಹಗಲಿರುಳುಗಳ ನಾಲ್ಕು ಭಾಗಗಳನ್ನು ವಾಯು, ಅಗ್ನಿ, ಇಂದ್ರ, ವರುಣರಿಗೆ ಹಂಚಿ, ನಕ್ಷತ್ರಗಳನ್ನೂ ಅದೇ ನಾಲ್ಕು ಮಂಡಲಗಳಾಗಿ ವಿಂಗಡಿಸಿದ್ದಾನೆ. ಕೊಯ್ನೆಯ ಕಂಪನವು ಇರುಳಿನ ಕಡೆಯ ಭಾಗದಲ್ಲಿ ಆಯಿತು, ಅದು ವರುಣನದು. ಆಗ ಚಂದ್ರನು ರೇವತಿಯಲ್ಲಿದ್ದನು. ಅದೂ ವರುಣಮಂಡಲದ ನಕ್ಷತ್ರವೇ. ಕಟ್ಟಿ ನಿಲ್ಲಿಸಿದ ನೀರೇ ಕಾರಣವೆಂದು ವಿಜ್ಞಾನವೂ ಹೇಳುತ್ತಿರಲು, ಪ್ರಾಚೀನರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಸಾರುವುದಕ್ಕೆ ಇದಕ್ಕಿಂತ ಏನು ಬೇಕು?

ಆದರೆ ಗ್ರಂಥವನ್ನು ಅರ್ಧಕ್ಕೆ ಮುಚ್ಚುವುದು ಶಾಸ್ತ್ರಕ್ಕೆ ಮಾಡುವ ಗೌರವವಲ್ಲ. ವರುಣಕಂಪದಿಂದ ಕೇಡು ಹೊಂದುವವೆಂದು ಅದೇ ಅಧ್ಯಾಯವು ಹೆಸರಿಸುವ ಜನಪದಗಳು ಗೋನರ್ದ, ಚೇದಿ, ಕುಕುರ, ಕಿರಾತ, ವಿದೇಹಗಳು. ಸಹ್ಯಾದ್ರಿಯಾಗಲಿ ಕುಂತಲವಾಗಲಿ ಅಲ್ಲಿಲ್ಲ. ಅತಿವೃಷ್ಟಿಯು ಫಲವೆಂದಿದೆ, ವೈರಶಾಂತಿಯೂ ಫಲವೆಂದಿದೆ. ನಾಲ್ಕರಲ್ಲಿ ಒಂದು ಕಾಲಭಾಗವೂ ನಾಲ್ಕರಲ್ಲಿ ಒಂದು ನಕ್ಷತ್ರಮಂಡಲವೂ ವರುಣನಿಗೇ ಕೂಡಿಬರುವುದು ಹದಿನಾರಕ್ಕೊಮ್ಮೆ ತಾನಾಗಿಯೇ ಆಗತಕ್ಕುದು. ಜಲವಾಸಿಯಾದ ಮಹಾಪ್ರಾಣಿಗೂ ಶಿಲೆಯ ಸಂದುಗಳಲ್ಲಿನ ನೀರಿನ ಒತ್ತಡಕ್ಕೂ ನೀರೆಂಬ ಶಬ್ದವೊಂದನ್ನು ಬಿಟ್ಟರೆ ಯಾವ ಸಂಬಂಧವೂ ಇಲ್ಲ.

ಆ ಅಧ್ಯಾಯದಲ್ಲಿ ನಿಜವಾದ ಅನುಭವದಿಂದ ಹುಟ್ಟಿದುದೆಂದು ತೋರುವ ಮಾತು ಬೇರೊಂದುಂಟು. ಒಮ್ಮೆ ನಡುಗಿದ ಭೂಮಿಯು ಮೂರನೆಯ, ನಾಲ್ಕನೆಯ, ಏಳನೆಯ ದಿನದಲ್ಲಿ, ಪಕ್ಷದಲ್ಲಿ, ತಿಂಗಳಲ್ಲಿ, ಮೂರು ಪಕ್ಷಗಳಲ್ಲಿ ಮತ್ತೆ ನಡುಗಿದರೆ ದೊರೆಗೆ ಕೇಡೆಂದು ಅಲ್ಲಿ ಹೇಳಿದೆ. ದೊರೆಯ ಮಾತು ಹಾಗಿರಲಿ. ದಿನಗಳನ್ನು ಎಣಿಸುತ್ತ ಎರಡನೆಯ ನಡುಕಕ್ಕಾಗಿ ಕಾದು ಕುಳಿತವರಲ್ಲದೆ ಇಂಥ ಪಟ್ಟಿಯನ್ನು ಯಾರು ಮಾಡಿಯಾರು? ಕೊಯ್ನೆಯಲ್ಲಿ ಅಂಥ ಮರುನಡುಕಗಳು ಇಂದಿಗೂ ನಿಂತಿಲ್ಲ. 1967ರ ಆ ದಶಮಿಯಿಂದ ಎಣಿಸಿದರೆ ನಾಲ್ಕನೆಯ ದಿನವು ಹುಣ್ಣಿಮೆಗೆ ಮೊದಲು ಬರುವುದು, ಏಳನೆಯದು ಜಾತ್ರೆ ಮುಗಿಸಿ ಬಂಡಿಗಳು ಊರಿಗೆ ತಿರುಗುವ ದಿನ.