ಗಾಜ್‌ಪ್ರೋಮ್ ಪಾಲುಗಳ ಚರಿತ್ರೆ: ಉರೆಂಗೋಯ್‌ನಿಂದ ದಹೇಜ್‌ವರೆಗೆ

ನೈಸರ್ಗಿಕ ಅನಿಲದ ಕಂಪನಿಯನ್ನು ಅದರ ನಿಕ್ಷೇಪಗಳ ಗಾತ್ರದಿಂದ ಅಳೆಯುವುದು ರೂಢಿ. ರಷ್ಯಾದ ಗಾಜ್‌ಪ್ರೋಮ್ ವಿಷಯದಲ್ಲಿ ಆ ಅಳತೆ ಸಾಲದು. ತೈಲವನ್ನು ಹಡಗಿಗೆ ತುಂಬಿ ಕೇಳಿದವರಿಗೆ ಮಾರಬಹುದು. ಕೊಳವೆಯಲ್ಲಿ ಹರಿಯುವ ಅನಿಲಕ್ಕೆ ಕೊಳವೆ ಮುಟ್ಟುವ ಊರೇ ಮಾರುಕಟ್ಟೆ. ಹಾಗಾಗಿ ಕೊಳವೆ, ನೆಲದಡಿಯ ದಾಸ್ತಾನು, ಮಾರಾಟದ ಕಚೇರಿ ಇವುಗಳಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಬಿಟ್ಟು ಈ ಉದ್ಯಮದ ಚರಿತ್ರೆ ಬರೆಯಲಾಗದು. ಗಾಜ್‌ಪ್ರೋಮ್ ಹೊರದೇಶಗಳಲ್ಲಿ ಗಳಿಸಿದ ಒಡೆತನ ಅದರ ಬಲವೂ ಹೌದು, ಆಯಾ ದೇಶದ ಕಾನೂನಿನ ಕೈಗೆ ಅದು ಕೊಟ್ಟ ಒತ್ತೆಯೂ ಹೌದು ಎಂಬುದು ಈ ಲೇಖನದ ವಾದ.

1989ರಲ್ಲಿ ಸೋವಿಯತ್ ಒಕ್ಕೂಟದ ಅನಿಲ ಉದ್ಯಮ ಸಚಿವಾಲಯವೇ ಗಾಜ್‌ಪ್ರೋಮ್ ಆಗಿ ಮಾರ್ಪಟ್ಟಿತು. ಸಚಿವರಾಗಿದ್ದ ವಿಕ್ಟರ್ ಚೆರ್ನೊಮಿರ್ದಿನ್ ಅದರ ಮುಖ್ಯಸ್ಥರಾದರು. 1993ರಲ್ಲಿ ಅದು ಷೇರು ಕಂಪನಿಯಾದ ಮೇಲೆ ಸರ್ಕಾರದ ಹಿಡಿತ ಅರ್ಧಕ್ಕಿಂತ ಕೆಳಗಿಳಿಯಿತು. ಮುಂದಿನ ಮುಖ್ಯಸ್ಥ ರೆಮ್ ವ್ಯಾಖಿರೆವ್ ಅವರ ಕಾಲದಲ್ಲಿ ಕಂಪನಿಯ ಆಸ್ತಿಗಳೂ ಕೈಜಾರತೊಡಗಿದವು, ಅನಿಲ ತೆಗೆಯುವ ಅಂಗಸಂಸ್ಥೆ ಪುರ್ಗಾಜ್‌ನ ಶೇ. 32 ಪಾಲು ಇತೆರಾ ಎಂಬ ವ್ಯಾಪಾರಿ ಕಂಪನಿಯ ಪಾಲಾಗಿದ್ದು ಒಂದು ನಿದರ್ಶನ. 2001ರಲ್ಲಿ ಅಲೆಕ್ಸಿ ಮಿಲ್ಲರ್ ಮುಖ್ಯಸ್ಥರಾಗಿ ಬಂದ ಮರುವರ್ಷ ಆ ಪಾಲು ಮರಳಿತು.

ನಿರ್ಣಾಯಕ ವರ್ಷ 2005. ಸರ್ಕಾರಿ ಒಡೆತನದ ರೋಸ್‌ನೆಫ್ತೆಗಾಜ್ ಗಾಜ್‌ಪ್ರೋಮ್‌ನ ಶೇ. 10.74 ಷೇರುಗಳನ್ನು ಸುಮಾರು 710 ಕೋಟಿ ಡಾಲರ್‌ಗೆ ಕೊಂಡಿತು. ಸರ್ಕಾರದ ಬಳಿ ನೇರವಾಗಿದ್ದ ಶೇ. 38.37ಕ್ಕೆ ಇದೂ ಇನ್ನೊಂದು ಸರ್ಕಾರಿ ಸಂಸ್ಥೆಯ ಚೂರುಪಾರು ಪಾಲೂ ಸೇರಿ ಅರ್ಧದ ಗೆರೆ ದಾಟಿತು. ಅದೇ ವರ್ಷ ಗಾಜ್‌ಪ್ರೋಮ್ 1,310 ಕೋಟಿ ಡಾಲರ್ ತೆತ್ತು ಸಿಬ್‌ನೆಫ್ತ್ ತೈಲ ಕಂಪನಿಯ ಸುಮಾರು ಶೇ. 73 ಪಾಲನ್ನು ಕೊಂಡಿತು. ಇಂದಿನ ಗಾಜ್‌ಪ್ರೋಮ್ ನೆಫ್ತ್ ಅದೇ. 2006ರಲ್ಲಿ ರಷ್ಯಾದ ಪೂರ್ವ ತುದಿಯ ಸಖಾಲಿನ್-2 ತೈಲ-ಅನಿಲ ಯೋಜನೆಯ ಮೇಲೆ ಪರಿಸರ ಇಲಾಖೆಯ ಒತ್ತಡ ಬಿಗಿಯಾಯಿತು. 2007ರಲ್ಲಿ ಶೆಲ್, ಮಿತ್ಸುಯಿ, ಮಿತ್ಸುಬಿಷಿ ಮೂರೂ ತಮ್ಮ ಪಾಲನ್ನು ಅರ್ಧಕ್ಕೆ ಇಳಿಸಿಕೊಂಡು, ಶೇ. 50ರ ಮೇಲೊಂದು ಷೇರನ್ನು 745 ಕೋಟಿ ಡಾಲರ್‌ಗೆ ಗಾಜ್‌ಪ್ರೋಮ್‌ಗೆ ಬಿಟ್ಟುಕೊಟ್ಟವು. ಇದನ್ನು ಬರೀ ವ್ಯಾಪಾರವೆಂದು ಓದಲು ನನಗೆ ಸಾಧ್ಯವಿಲ್ಲ. ಆ ಒಂದು ಷೇರಿನ ಬೆಲೆ ಹಣದಲ್ಲಿಲ್ಲ, ಅಧಿಕಾರದಲ್ಲಿದೆ.

ರಷ್ಯಾದಿಂದ ಜರ್ಮನಿಗೆ ಬಾಲ್ಟಿಕ್ ಸಮುದ್ರದಡಿ ಹಾಕಿದ ಕೊಳವೆ ನಾರ್ಡ್ ಸ್ಟ್ರೀಮ್‌ನಲ್ಲೂ ಇದೇ ಲೆಕ್ಕ. ಸ್ವಿಟ್ಜರ್ಲೆಂಡಿನ ತ್ಸೂಗ್‌ನಲ್ಲಿ ನೋಂದಣಿಯಾದ ಆ ಕಂಪನಿಯಲ್ಲಿ ಗಾಜ್‌ಪ್ರೋಮ್‌ಗೆ ಶೇ. 51, ಜರ್ಮನಿಯ ಎರಡು ಸಮೂಹಗಳಿಗೆ ತಲಾ 24.5. ಮುಂದೆ ಡಚ್ಚರ ಗಾಸ್ಯೂನಿ, ಫ್ರೆಂಚರ ಜಿಡಿಎಫ್ ಸುಯೆಜ್ ತಲಾ 9 ಕೇಳಿ ಬಂದಾಗ ಜರ್ಮನರು ತಲಾ 15.5ಕ್ಕೆ ಇಳಿದರು. ಗಾಜ್‌ಪ್ರೋಮ್‌ನ 51 ಮಾತ್ರ ಕದಲಲಿಲ್ಲ.

ಜರ್ಮನಿಯ ಒಳನಾಡಿಗೆ ಗಾಜ್‌ಪ್ರೋಮ್ ಕಾಲಿಟ್ಟದ್ದು ಇದಕ್ಕೂ ಮೊದಲೇ. ಜರ್ಮನಿಯ ಅನಿಲ ಕಂಪನಿ ರೂರ್‌ಗಾಸ್‌ಗೆ ಗಡಿಯಲ್ಲಿ ಅನಿಲ ಒಪ್ಪಿಸಿ ಕೈತೊಳೆದುಕೊಳ್ಳುವ ಬದಲು, 1990ರಲ್ಲಿ ಬಿಎಎಸ್‌ಎಫ್ ಬಳಗದ ವಿಂಟರ್‌ಶಾಲ್ ಜೊತೆ ಅದು ಒಪ್ಪಂದ ಮಾಡಿಕೊಂಡಿತು. ಅದರಿಂದ ಅನಿಲ ಮಾರುವ ಜಂಟಿ ಕಂಪನಿ ವಿಂಗಾಸ್ ಹುಟ್ಟಿತು. ಅದರಲ್ಲಿ ಶೇ. 35 ಇದ್ದ ಗಾಜ್‌ಪ್ರೋಮ್‌ನ ಪಾಲು 2007ರಲ್ಲಿ ಅರ್ಧದ ಹತ್ತಿರ ಬಂತು. 2015ರ ಸೆಪ್ಟೆಂಬರ್‌ನಲ್ಲಿ, ಕ್ರೈಮಿಯಾ ರಷ್ಯಾದ ಕೈವಶವಾದ ಮರುವರ್ಷ, ಬಿಎಎಸ್‌ಎಫ್ ತನ್ನ ಪಾಲನ್ನೂ ಬಿಟ್ಟುಕೊಟ್ಟಿತು. ಪ್ರತಿಯಾಗಿ ಸೈಬೀರಿಯಾದ ಉರೆಂಗೋಯ್ ನಿಕ್ಷೇಪದ ಎರಡು ಭಾಗಗಳಲ್ಲಿ ಕಾಲು ಪಾಲು ಪಡೆಯಿತು. ಈ ವಿನಿಮಯದಲ್ಲಿ ಗಾಜ್‌ಪ್ರೋಮ್‌ಗೆ ಹೋದದ್ದರಲ್ಲಿ ರೇಡನ್ ದಾಸ್ತಾನು ಕೂಡ ಒಂದು. ಲೋವರ್ ಸ್ಯಾಕ್ಸನಿಯ ಈ ಊರಿನಡಿ, ಸುಮಾರು 2,000 ಮೀಟರ್ ಆಳದಲ್ಲಿ, ಬರಿದಾದ ಹಳೆಯ ಅನಿಲ ನಿಕ್ಷೇಪವೊಂದಿದೆ. ಬೇಸಿಗೆಯಲ್ಲಿ ಅನಿಲ ಒತ್ತಿ ತುಂಬಿ ಚಳಿಗಾಲಕ್ಕೆ ತೆಗೆಯುತ್ತಾರೆ. ಅದರಲ್ಲಿ ಹಿಡಿಯುವುದು ಸುಮಾರು 400 ಕೋಟಿ ಘನ ಮೀಟರ್, ಜರ್ಮನಿಯ ಒಟ್ಟು ದಾಸ್ತಾನಿನ ಐದರಲ್ಲೊಂದು ಪಾಲು. 2021ರ ಚಳಿಗಾಲ ಬಂದಾಗ ಅದು ಹತ್ತರಲ್ಲೊಂದರಷ್ಟು ಮಾತ್ರ ತುಂಬಿತ್ತು. ಆಗಿನ ಕಾನೂನಿನಲ್ಲಿ ತುಂಬಲೇಬೇಕೆಂಬ ಕಡ್ಡಾಯ ಇರಲಿಲ್ಲ. ಒಡೆಯ ತುಂಬಲಿಲ್ಲ, ಅಷ್ಟೆ.

ಉಕ್ರೇನ್ ಯುದ್ಧ ಶುರುವಾದ ಮೇಲೆ ಆಟದ ದಿಕ್ಕು ತಿರುಗಿತು. 2022ರ ಮಾರ್ಚ್ 31ರಂದು ಗಾಜ್‌ಪ್ರೋಮ್ ತನ್ನ ಬರ್ಲಿನ್ ಅಂಗಸಂಸ್ಥೆ ಗಾಜ್‌ಪ್ರೋಮ್ ಗೆರ್ಮಾನಿಯಾದಿಂದ ಹೊರನಡೆಯಿತು. ಪಾಲು ಅಷ್ಟೇನೂ ಹೆಸರು ಕೇಳದ ಪಾಲ್ಮರಿ ಎಂಬ ರಷ್ಯನ್ ಕಂಪನಿಯ ಕಡೆ ಸಾಗಿತು, ಸಂಸ್ಥೆಯನ್ನು ಮುಚ್ಚಲು ಆದೇಶವೂ ಹೊರಟಿತು. ದೇಶದ ಆಯಕಟ್ಟಿನ ವ್ಯವಸ್ಥೆ ಕೈಬದಲಾಗಲು ತನ್ನ ಅನುಮತಿ ಬೇಕೆಂದ ಜರ್ಮನ್ ಸರ್ಕಾರ, ಏಪ್ರಿಲ್ 4ರಂದು ಸಂಸ್ಥೆಯನ್ನು ತನ್ನ ನಿಯಂತ್ರಣ ಪ್ರಾಧಿಕಾರದ ಸುಪರ್ದಿಗೆ ಒಪ್ಪಿಸಿತು. ಜೂನ್‌ನಲ್ಲಿ ಅದರ ಹೆಸರು ಸೆಫೆ ಎಂದಾಯಿತು, ನವೆಂಬರ್‌ನಲ್ಲಿ ರಾಷ್ಟ್ರೀಕರಣವೂ ಆಯಿತು. ನಡುವೆ ಮೇ ತಿಂಗಳಲ್ಲಿ ರಷ್ಯಾ ಈ ಸಂಸ್ಥೆಯ ಮೇಲೆಯೇ ನಿರ್ಬಂಧ ಹೇರಿತು.

ಇದರ ಪೆಟ್ಟು ಬಿದ್ದದ್ದು ಭಾರತಕ್ಕೆ. 2012ರಲ್ಲಿ ಭಾರತದ ಸರ್ಕಾರಿ ಅನಿಲ ಕಂಪನಿ ಗೇಲ್ ವರ್ಷಕ್ಕೆ 25 ಲಕ್ಷ ಟನ್ ದ್ರವೀಕೃತ ಅನಿಲವನ್ನು (ಎಲ್‌ಎನ್‌ಜಿ) 20 ವರ್ಷ ಕೊಳ್ಳಲು ಸಹಿ ಹಾಕಿದ್ದು ಗಾಜ್‌ಪ್ರೋಮ್‌ನ ಸಿಂಗಪುರ ಘಟಕದ ಜೊತೆ. 2018ರ ಜೂನ್‌ನಲ್ಲಿ ಮೊದಲ ಹಡಗು ಗುಜರಾತಿನ ದಹೇಜ್ ಮುಟ್ಟಿತು. ಸಿಂಗಪುರ ಘಟಕ ಲಂಡನ್ ಕಂಪನಿಯ ಕೈಕೆಳಗೆ, ಲಂಡನ್ ಕಂಪನಿ ಬರ್ಲಿನ್ ಸಂಸ್ಥೆಯ ಕೈಕೆಳಗೆ ಇತ್ತು. ಬರ್ಲಿನ್ ಒಡೆಯ ಬದಲಾದಾಗ ರಷ್ಯಾದ ಯಮಾಲ್‌ನಿಂದ ಆ ಘಟಕಕ್ಕೆ ಬರುತ್ತಿದ್ದ ಅನಿಲ ನಿಂತಿತು, ಗೇಲ್‌ಗೆ ಬರಬೇಕಿದ್ದ ಹಡಗುಗಳು ತಪ್ಪಿದವು. ದಾಭೋಳ್‌ನಿಂದ ಬೆಂಗಳೂರಿಗೆ 2013ರಲ್ಲಿ ಕೊಳವೆ ಅನಿಲ ತಂದದ್ದೂ ಇದೇ ಗೇಲ್. ಆಮದು ತಪ್ಪಿದ ಆ ವರ್ಷ ಅದು ಕೈಗಾರಿಕೆಗಳಿಗೆ ಕೊಡುವ ಅನಿಲಕ್ಕೆ ಕತ್ತರಿ ಹಾಕಿತು, ಉತ್ತರ ಪ್ರದೇಶದ ಪಾತಾದಲ್ಲಿನ ತನ್ನದೇ ಪೆಟ್ರೋಕೆಮಿಕಲ್ ಘಟಕದ ಉತ್ಪಾದನೆಯನ್ನೂ ತಗ್ಗಿಸಿತು. ಭಾರತ ರಷ್ಯಾದ ಮೇಲೆ ನಿರ್ಬಂಧ ಹೇರಿರಲಿಲ್ಲ, ರಷ್ಯಾ ಭಾರತದ ಮೇಲೂ ಹೇರಿರಲಿಲ್ಲ. ಆದರೂ ಒಪ್ಪಂದ ಮುರಿಯಿತು, ಯಾಕೆಂದರೆ ಅದು ಮಾಸ್ಕೋ ಜೊತೆಗಿನ ಒಪ್ಪಂದವೇ ಆಗಿರಲಿಲ್ಲ.

ಪೂರೈಕೆ 2023ರಲ್ಲಿ ಮತ್ತೆ ಶುರುವಾಯಿತು. ಬಾರದೆ ಹೋದ ಹಡಗುಗಳ ಬಾಬ್ತು ಗೇಲ್ ಮಧ್ಯಸ್ಥಿಕೆಗೆ ಹೋಗಿ ಸುಮಾರು 180 ಕೋಟಿ ಡಾಲರ್ ಕೇಳಿತ್ತು; 2025ರ ಜನವರಿಯಲ್ಲಿ 28.5 ಕೋಟಿಗೆ ರಾಜಿಯಾಯಿತು. ಸಹಿ ಹಾಕಿದಾಗ ರಷ್ಯಾದ್ದಾಗಿದ್ದ ಕಂಪನಿಯ ಬಾಕಿಯನ್ನು ಹೀಗೆ ತೀರಿಸಿದ್ದು ಜರ್ಮನ್ ಸರ್ಕಾರದ ಒಡೆತನದ ಸಂಸ್ಥೆ.